ಒಬ್ಬರನ್ನು ಮಾತ್ರ ಉಳಿಸಿಕೊಳ್ಳಿ

"ಈ ನಾಲ್ಕು ಜನಕ್ಕೆ ಇವತ್ತೇ ಬಾಗಿಲು ಮುಚ್ಚಿಬಿಡಿ," ಎಂದ ತಪಾಸಣೆಯವನು. ಮುಖ್ಯ ಕಚೇರಿಯಿಂದ ಬೆಳಿಗ್ಗೆ ಬಂದವನು, ಕುರ್ಚಿ ಎಳೆದುಕೊಂಡು ಕೂತಾಗಿನಿಂದ ಅವಳ ಕಂಪ್ಯೂಟರಿನ ಮೇಲಿಂದ ಕಣ್ಣು ತೆಗೆದಿರಲಿಲ್ಲ.

ಅವಳು ದನಿ ತಗ್ಗಿಸಿ ಕೇಳಿದಳು. "ಅವರೇನು ತಪ್ಪು ಮಾಡಿದ್ರು ಸರ್?"

"ತಪ್ಪು ಮಾಡಿಲ್ಲ. ಏನೂ ಮಾಡಿಲ್ಲ. ಅದೇ ತೊಂದ್ರೆ."

ಲಿಫ್ಟ್ ಕೂರಿಸಿ ರಿಪೇರಿ ಮಾಡುವ ಕಂಪನಿ ಅದು. ಯಾವ ಗ್ರಾಹಕ ಯಾರ ಪಾಲಿಗೆ, ಯಾರ ಕೈಕೆಳಗೆ ಯಾರು, ಯಾರ ಕಣ್ಣಿಗೆ ಏನು ಬೀಳಬೇಕು, ಏನು ಬೀಳಬಾರದು, ಇದೆಲ್ಲವನ್ನೂ ಗ್ರಾಹಕರ ಲೆಕ್ಕ ಇಡುವ ಸಾಫ್ಟ್‌ವೇರಿನಲ್ಲಿ ಕಟ್ಟಿ ನಿಲ್ಲಿಸಿದವಳು ಅವಳು. ಕೆಳಗಿನವರದೆಲ್ಲ ಮೇಲಿನವರಿಗೆ ಕಾಣುತ್ತದೆ. ಮೇಲಿನವರದು ಕೆಳಗಿನವರಿಗೆ ಕಾಣುವುದಿಲ್ಲ. ಅಕ್ಕಪಕ್ಕದವರಿಗೆ ಒಬ್ಬರದು ಇನ್ನೊಬ್ಬರಿಗೆ ಗೊತ್ತೇ ಆಗುವುದಿಲ್ಲ. ಲೋಕದ ನಿಯಮವೂ ಹೆಚ್ಚುಕಮ್ಮಿ ಇದೇ ಬಿಡಿ.

ಮಾರಾಟದವರು ಅವಳನ್ನು ಬೀಗದಮ್ಮ ಎನ್ನುತ್ತಿದ್ದರು. ಬೀಗ ಕಚ್ಚಿಕೊಂಡಾಗ ಮಾತ್ರ ಅವಳ ನೆನಪು. "ನನ್ನ ಗ್ರಾಹಕ ಕಾಣ್ತಿಲ್ಲ, ಸ್ವಲ್ಪ ನೋಡಿ" ಎಂದು ಫೋನಿನಲ್ಲೇ ಹೇಳಿ, ಕಂಡ ತಕ್ಷಣ ಇಟ್ಟುಬಿಡುತ್ತಿದ್ದರು. ಅವಳ ಕೋಣೆ ಮೂರನೇ ಮಹಡಿಯಲ್ಲಿ. ಊರಿಗೆಲ್ಲ ಲಿಫ್ಟ್ ಹಾಕಿದ ಕಂಪನಿ ತನ್ನ ಕಟ್ಟಡಕ್ಕೆ ಹಾಕಿಸಿಕೊಂಡಿರಲಿಲ್ಲ. ಅಷ್ಟು ಮೆಟ್ಟಿಲು ಹತ್ತಿ ಅವಳನ್ನು ಮಾತಾಡಿಸಲು ಯಾರೂ ಬಂದವರಲ್ಲ.

ಈ ನಾಲ್ವರು ಹಾಗಲ್ಲ. ಅವರಿಗೆ ಹೆಸರಿಟ್ಟವಳೂ ಅವಳೇ. ಎಲ್ಲರ ಮೇಲೆ ದೊಡ್ಡಪ್ಪ. ಅವರ ಕೆಳಗೆ ಅಕ್ಕ. ಅಕ್ಕನ ಕೆಳಗೆ ಇಬ್ಬರು, ತುಂಟ ಮತ್ತು ಸೋಮಾರಿ. ಸಾಫ್ಟ್‌ವೇರಿನ ಸಂದೇಶದ ಜಾಗದಲ್ಲಿ ದಿನಾ ಇವರ ಮಾತಿರುತ್ತಿತ್ತು. "ಮಧ್ಯಾಹ್ನ ಏನಾದ್ರೂ ತಿಂದ್ಯೇನೇ?" ಎಂದು ಅಕ್ಕ. "ಆ ಮಾರಾಟದವನು ನಿನ್ನ ಮೇಲೆ ದನಿ ಏರಿಸಿದ್ನಾ? ನನಗೆ ಬಿಡು, ನೋಡ್ಕೋತೀನಿ" ಎಂದು ದೊಡ್ಡಪ್ಪ. ತುಂಟನದು ಬರೀ ಕೀಟಲೆ: "ಬೀಗದಮ್ಮಾವ್ರೇ, ಊರಿನ ಬೀಗ ಎಲ್ಲ ತೆಗೀತೀರಿ, ಬಾಯಿಗೆ ಹಾಕ್ಕೊಂಡಿರೋದನ್ನ ಯಾವಾಗ ತೆಗಿಯೋದು?" ಸೋಮಾರಿ ಹೆಸರಿಗೆ ತಕ್ಕಂತೆ ವಾರಕ್ಕೊಮ್ಮೆ "ಹೂಂ" ಎಂದರೆ ಹೆಚ್ಚು.

ಒಬ್ಬರಿದ್ದಾಗ ಇನ್ನೊಬ್ಬರು ಇರುತ್ತಿರಲಿಲ್ಲ, ಪಾಳಿಯ ಕೆಲಸದವರ ಹಾಗೆ. ಅದಕ್ಕೇನೂ ಅವಳಿಗೆ ಬೇಸರವಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಸದ್ದು ಮಾಡುವುದು ಸೋರುವ ನಲ್ಲಿಯೊಂದೇ. ಇಲ್ಲಿ ನಾಲ್ವರಾದರೂ ಇದ್ದರು. ಇವರೂ ಹೋದರೆ ಅವಳಿಗೆ ಯಾರೂ ಇಲ್ಲ.

ತಪಾಸಣೆಯವನು ಪರದೆಯ ಮೇಲೆ ಬೆರಳಿಟ್ಟ. "ಇಲ್ಲಿ ನೋಡಿ. ನೀವು ಜ್ವರ ಅಂತ ರಜೆ ಹಾಕಿದ ವಾರ ಇವರಲ್ಲಿ ಒಬ್ಬರೂ ಒಳಗೆ ಬಂದಿಲ್ಲ. ನೀವು ಬಂದ ದಿನ ನಾಲ್ಕು ಜನಾನೂ ಹಾಜರ್."

"ನಾನಿದ್ರೆ ಬರ್ತಾರೆ ಸರ್."

"ಬಂದು ಏನು ಮಾಡಿದ್ರು? ಒಬ್ಬ ಗ್ರಾಹಕನಿಗೂ ಒಂದು ಫೋನ್ ಹೋಗಿಲ್ಲ. ಕೆಲಸ ಇಲ್ಲದ ಕೈಲಿ ಬೀಗದ ಕೈ ಇರ್ಬಾರ್ದು ಮೇಡಂ. ಈ ದೊಡ್ಡಪ್ಪನಿಗಂತೂ ಇಡೀ ಕಂಪನೀನೇ ಕಾಣುತ್ತೆ. ಏನಾದ್ರೂ ಎಡವಟ್ಟಾದ್ರೆ ನನ್ನ ತಲೆ ಹೋಗುತ್ತೆ, ನಿಮ್ಮದೂ ಹೋಗುತ್ತೆ."

"ಸ್ವಲ್ಪ ದಿನ ಕೊಡಿ ಸರ್. ನಾನೇ ಏನಾದ್ರೂ ಕೆಲಸ ಹಚ್ತೀನಿ ಅವರಿಗೆ."

ಅವನಿಗೆ ನಗು ಬಂತು. "ಇದೊಳ್ಳೆ ಕಥೆ ಆಯ್ತಲ್ಲ." ಆಮೇಲೆ ಅವಳ ಮುಖ ನೋಡಿದ. "ಅಯ್ಯೋ, ಇದರಲ್ಲಿ ಅಳೋಕೆ ಏನಿದೆ?"

ಅಳುತ್ತಿರುವುದು ಅವಳಿಗೆ ಆಗಲೇ ಗೊತ್ತಾದದ್ದು. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ಆಯ್ತು, ಒಬ್ಬರನ್ನ ಮಾತ್ರ ಉಳಿಸ್ಕೊಳ್ಳಿ. ಯಾರು ಅಂತ ನೀವೇ ನೋಡಿ," ಎಂದ ಅವನು, ಸ್ವಲ್ಪ ಮೆತ್ತಗಾಗಿ. "ಮಿಕ್ಕವರು ನಾನು ಹೊರಡೋದ್ರೊಳಗೆ ಹೋಗಿರ್ಬೇಕು."

ಅತ್ತ ದರಿ, ಇತ್ತ ಪುಲಿ. ಮನೆಯವರಲ್ಲಿ ಯಾರು ಬೇಡ ಎಂದು ಕೇಳಿದರೆ ಯಾರು ತಾನೇ ಹೇಳಿಯಾರು?

ಮೊದಲು ಸೋಮಾರಿಯನ್ನು ತೆಗೆದಳು. ಅವನದು ಸುಲಭ, ಇದ್ದಾಗಲೂ ಇಲ್ಲದವನೇ. ತುಂಟನ ಹತ್ತಿರ ಬಂದಾಗ ಕೈ ತಡೆಯಿತು. ಈ ಕೋಣೆಯಲ್ಲಿ ಅವಳು ನಕ್ಕಿದ್ದರೆ ಅವನ ಮಾತಿಗೇ ನಕ್ಕಿದ್ದಳು. ಅವನನ್ನೂ ತೆಗೆದಳು. ದೊಡ್ಡಪ್ಪನ ಸರದಿ ಬಂದಾಗ ಸಾಫ್ಟ್‌ವೇರ್ ಕೇಳಿತು: ಇವರ ಗ್ರಾಹಕರನ್ನು ಯಾರಿಗೆ ಒಪ್ಪಿಸಬೇಕು? ಒಪ್ಪಿಸಲು ಒಬ್ಬ ಗ್ರಾಹಕನೂ ಇರಲಿಲ್ಲ. ಯಾರಿಗೂ ಬೇಡ ಎಂದು ಒತ್ತಿದಳು. ಇನ್ನು ಮೇಲೆ ಯಾರಾದರೂ ದನಿ ಏರಿಸಿದರೆ ಕೇಳುವವರಿಲ್ಲ.

"ಹೋಗೋ ಮುಂಚೆ ಅವರಿಗೊಂದು ಮಾತು ಹೇಳ್ಬೇಕಿತ್ತು ಸರ್."

"ಯಾರಿಗೆ?" ಎಂದ ತಪಾಸಣೆಯವನು, ಚೀಲದ ಜಿಪ್ ಎಳೆಯುತ್ತ. ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದು ಹೋದ.

ಕೆಳಗೆ ಮಾರಾಟದವರು ಯಾವುದಕ್ಕೋ ಗೊಳ್ಳೆಂದು ನಕ್ಕರು. ಮೇಲೆ ಫ್ಯಾನು ತಿರುಗುತ್ತಿತ್ತು. ಅವಳು ಸಂದೇಶದ ಜಾಗವನ್ನು ನೋಡುತ್ತ ಕೂತಳು. ಉಳಿಸಿಕೊಂಡದ್ದು ಅಕ್ಕನನ್ನು. ಅಕ್ಕನೂ ಸುಮ್ಮನಿದ್ದಳು. ಯಾರಾದರೂ ಒಂದು ಸಮಾಧಾನದ ಮಾತು ಹೇಳದಿದ್ದರೆ ಇವತ್ತು ಎದ್ದು ಮನೆಗೆ ಹೋಗುವುದೂ ತನ್ನಿಂದಾಗದು ಎಂದು ಅವಳಿಗೆ ಗೊತ್ತಿತ್ತು.

ತನ್ನ ಹೆಸರಿನಿಂದ ಹೊರಬಂದಳು. ಯಾರಿಗೆ ಏನು ಕಾಣುತ್ತದೆಂದು ಪರೀಕ್ಷಿಸಲು ತಾನೇ ಹುಟ್ಟುಹಾಕಿದ್ದ ನಾಲ್ಕು ಸುಳ್ಳು ಹೆಸರುಗಳಲ್ಲಿ ಉಳಿದಿದ್ದ ಆ ಒಂದರಿಂದ ಒಳಹೋಗಿ, "ಅಳಬೇಡ್ವೇ, ನಾನಿದೀನಲ್ಲ" ಎಂದು ತನಗೇ ಬರೆದಳು. ಮತ್ತೆ ಹೊರಬಂದು, ತನ್ನ ಹೆಸರಿನಲ್ಲಿ ಒಳಬಂದು, ಓದಿದಳು.