ಹಳದಿ ಗೆರೆ

ಮೊದಲ ಏಟಿಗೇ ಆರ್‌ಟಿಒ ಇನ್‌ಸ್ಪೆಕ್ಟರನ ಎರಡು ಹಲ್ಲು ಉದುರಿದವು. ಎರಡನೆಯ ಏಟಿಗೆ ಅವನು ತಪಾಸಣೆಯ ಗುಂಡಿಗೆ ಬಿದ್ದ. ವಾಹನಗಳನ್ನು ಅಡಿಯಿಂದ ನೋಡಲೆಂದು ಶೆಡ್ಡಿನ ನಡುವೆ ತೋಡಿದ, ಆಳುದ್ದದ ಸಿಮೆಂಟಿನ ಗುಂಡಿ ಅದು. ಬಿದ್ದ ರಭಸಕ್ಕೆ ಬಲಗೈ ಮುರಿಯಿತು. ಮೆಟ್ಟಿಲಿಗಾಗಿ ತಡಕಾಡುವಷ್ಟರಲ್ಲಿ ತಲೆಯ ಮೇಲೆ ಕತ್ತಲು ಕವಿಯಿತು. ಅವನನ್ನು ಹೊಡೆದ ಕಂಟ್ರಾಕ್ಟರ್ ತನ್ನ ವ್ಯಾನನ್ನೇ ಗುಂಡಿಯ ಮೇಲೆ ತಂದು ನಿಲ್ಲಿಸಿದ್ದ.

ರಜೆಯ ಮಧ್ಯಾಹ್ನ. ಶೆಡ್ಡಿನ ಶಟರು ಎಳೆದಿತ್ತು. ಕೂಗಿದರೂ ಕೇಳುವವರಿಲ್ಲ.

"ಆ ಸ್ಕೂಲ್ ವ್ಯಾನಿಂದೂ ಇದೇ ಕಂಪನಿ, ಇದೇ ಮಾಡೆಲ್ಲು. ನೆನಪಾಯ್ತಾ ಸಾಹೇಬ?" ಮೇಲಿನಿಂದ ದನಿ ಬಂತು. "ನಂದು ಮಾತ್ರ ಹೊಸದು. ಇನ್ನೂ ನಿನ್ನ ಬಾಗಿಲಿಗೆ ಬರೋ ಕಾಲ ಬಂದಿಲ್ಲ. ಇವತ್ತು ಮೊದಲನೇ ಸಲ ತಂದಿದೀನಿ. ಚೆನ್ನಾಗಿ ನೋಡ್ಕೋ."

ಮನೆ ಕಟ್ಟಿಸಿಕೊಡುವ ಈ ಕಂಟ್ರಾಕ್ಟರ್ ಯಾರ ಮೇಲೂ ಕೈ ಎತ್ತಿದವನಲ್ಲ. ಊರಿಗೆಲ್ಲ ಬೇಕಾದ ಮನುಷ್ಯ. ಯಾರು ಏನು ಕೇಳಿದರೂ ಇಲ್ಲ ಎನ್ನಲು ಅವನಿಗೆ ಗೊತ್ತಿರಲಿಲ್ಲ. ಏಣಿ, ಹಗ್ಗ, ಜಾಕು, ಗಾಲಿ, ಸಿಮೆಂಟು ಕಲಸುವ ಯಂತ್ರ, ಎಲ್ಲವೂ ಹೋಗುತ್ತಿದ್ದವು, ಬರುತ್ತಿದ್ದವು. ಗ್ಯಾರೇಜಿನವನು "ಅಣ್ಣಾ, ಒಂದು ದಿನದ ಮಟ್ಟಿಗೆ" ಎಂದರೆ ಸಾಕು, ಯಾಕೆ ಎಂದೂ ಕೇಳದೆ ಕೊಟ್ಟುಬಿಡುವವನು. ಹೆಂಡತಿ ಇದಕ್ಕೇ ರೇಗುತ್ತಿದ್ದಳು. ಮಗಳು ಅಪ್ಪನ ಪರ ವಹಿಸಿ ನಗುತ್ತಿದ್ದಳು.

ಆ ಮಗಳು ಹೋದ ತಿಂಗಳು ಶಾಲೆಯ ವ್ಯಾನಿನಲ್ಲಿ ಸತ್ತಳು. ಇಳಿಜಾರಿನಲ್ಲಿ ಮುಂದಿನ ಟೈರು ಸಿಡಿದು ವ್ಯಾನು ಸೇತುವೆಯಿಂದ ಕೆಳಗೆ ಉರುಳಿತು. ವ್ಯಾನಿನ ಮಾಲೀಕನೇ ಅದನ್ನು ಓಡಿಸುತ್ತಿದ್ದ, ಅವನೂ ಉಳಿಯಲಿಲ್ಲ. ಹೊಟ್ಟೆಯ ಬೆಂಕಿಯನ್ನು ಕಾರಿಕೊಳ್ಳಲು ಕಂಟ್ರಾಕ್ಟರನಿಗೆ ಉಳಿದವನು ಒಬ್ಬನೇ, ಆ ವ್ಯಾನಿಗೆ ಸರ್ಟಿಫಿಕೇಟು ಕೊಟ್ಟ ಇನ್‌ಸ್ಪೆಕ್ಟರ್.

ಬಂಪರಿನ ಪಕ್ಕದ ಸಂದಿಯಿಂದ ಏನೋ ಸುರಿಯಿತು. ಇನ್‌ಸ್ಪೆಕ್ಟರನ ಒಡೆದ ತುಟಿ ಧಗಧಗ ಉರಿಯಿತು. ಪೆಟ್ರೋಲು.

"ಬೇಡ ಸ್ವಾಮಿ! ನನಗೂ ಮಕ್ಕಳಿದಾರೆ!"

"ನನಗೂ ಇದ್ಳು." ಡಬ್ಬಿ ಬರಿದಾಗುವವರೆಗೂ ಅವನು ಸುರಿದ. "ಆ ಟೈರು ಸವೆದು ನೂಲು ಕಾಣ್ತಿತ್ತಂತೆ. ನಿನ್ನ ಕಣ್ಣಿಗೆ ಕಾಣಲಿಲ್ವಾ?"

"ದಿನಾ ಓಡಿಸೋನು ನೋಡ್ಬೇಕಲ್ವಾ ಸ್ವಾಮಿ! ನಾನು ವರ್ಷಕ್ಕೆ ಒಂದ್ಸಲ ನೋಡೋನು!"

ಕಬ್ಬಿಣದ ಸಲಾಕೆ ಸಂದಿಯಲ್ಲಿ ನುಗ್ಗಿ ಅವನ ಬಲ ಹೆಗಲಿಗೆ ಅಪ್ಪಳಿಸಿತು. ಮೂಳೆ ಮುರಿದ ಸದ್ದು ಇಬ್ಬರಿಗೂ ಕೇಳಿಸಿತು.

"ಸತ್ತೋನ ತಲೆಗೆ ಕಟ್ಟಬೇಡ. ತಪ್ಪು ನಂದು ಅಂತ ಹೇಳು. ಒಂದೇ ಸಲ ಹೇಳು."

ಇನ್‌ಸ್ಪೆಕ್ಟರ್ ರಕ್ತ ಉಗುಳಿದ. ಸಾಯುವವನಿಗೆ ಇನ್ನೇನು ಮುಚ್ಚುಮರೆ?

"ನಾನು ನೋಡಿದ್ದು ಬೇರೆ ಟೈರು. ನಾಲ್ಕೂ ಹೊಸವು, ಮಿರಮಿರ ಮಿಂಚ್ತಿದ್ವು. ನಾನು ಪಾಸು ಮಾಡಿದ ಟೈರಿಗೆಲ್ಲ ಒಳಮೈಯಲ್ಲಿ, ಗಾಡಿ ಅಡಿ ಕಡೆಗೆ, ಹಳದಿ ಬಣ್ಣದ ಗೆರೆ ಎಳೀತೀನಿ. ಹೊರಗೆ ಎಳೆದ್ರೆ ಅಳಿಸ್ತಾರೆ. ಒಳಗೆ ಯಾರೂ ಬಗ್ಗಿ ನೋಡಲ್ಲ. ಅಪಘಾತ ಆದ್ಮೇಲೆ ಹೋಗಿ ಆ ವ್ಯಾನು ನೋಡಿದೆ. ಒಂದು ಗಾಲೀಲೂ ನನ್ನ ಗೆರೆ ಇರಲಿಲ್ಲ."

"ಕತೆ ಕಟ್ತೀಯ?"

"ನನ್ನ ಮಕ್ಕಳಾಣೆ. ಇದು ಎಲ್ಲರೂ ಮಾಡೋದೇ. ತಪಾಸಣೆಗೆ ಅಂತ ಒಂದು ದಿನದ ಮಟ್ಟಿಗೆ ಯಾರದೋ ಹೊಸ ಗಾಲಿ ಹಾಕ್ಕೊಂಡು ಬರ್ತಾರೆ. ಮಾರನೇ ದಿನ ಬಿಚ್ಚಿ ವಾಪಸ್ ಕೊಡ್ತಾರೆ. ಹಳೇ ಗಾಡಿಗೆ ಹೊಸ ಗಾಲಿ ನೋಡಿ ನನಗೂ ಅನುಮಾನ ಬಂದಿತ್ತು. ಕೇಳಬೇಕಿತ್ತು, ಕೇಳಲಿಲ್ಲ. ಗೆರೆ ಎಳೆದು ಸುಮ್ನಾದೆ. ಅಷ್ಟು ತಪ್ಪು ನಂದೇ ಸ್ವಾಮಿ." ಅವನು ಮಗುವಿನಂತೆ ಅಳತೊಡಗಿದ.

ಸಲಾಕೆ ನೆಲದ ಮೇಲೆ ಉರುಳಿತು. ಕಂಟ್ರಾಕ್ಟರ್ ಸಂದಿಯ ಹತ್ತಿರ ಕುಕ್ಕರಿಸಿದ.

"ಗಾಲಿ ಕೊಟ್ಟೋನು ಯಾರು?"

"ಗೊತ್ತಿಲ್ಲ. ಯಾವ ಗಾಡಿಗೆ ಅಂತ ಅವನೂ ಕೇಳಿರಲ್ಲ. ಆದ್ರೆ ಗೆರೆ ಅಲ್ಲೇ ಇರುತ್ತೆ."

"ಅವನು ಸಿಗಲಿ. ಇದೇ ಗುಂಡಿಗೆ ಹಾಕಿ ಸುಡ್ತೀನಿ. ನನ್ನ ಒಡಹುಟ್ಟಿದೋನಾದ್ರೂ ಬಿಡಲ್ಲ. ಮಗಳ ಮೇಲಾಣೆ."

ಅವನು ಬೆಂಕಿಪೊಟ್ಟಣ ತೆಗೆದ. ಒಂದು ಕಡ್ಡಿಯನ್ನೂ ಹೊರಗೆಳೆದ. ಆದರೆ ಗೀರಲಿಲ್ಲ. ಸುಳ್ಳು ಹೇಳುವವನ ಮುಖವನ್ನು ಒಮ್ಮೆ ನೋಡಿಬಿಡಬೇಕು ಎನಿಸಿತು. ನೆಲದ ಮೇಲೆ ಬೋರಲು ಮಲಗಿ, ವ್ಯಾನಿನ ಅಡಿಗೆ ತಲೆ ತೂರಿಸಿ, ಫೋನಿನ ಟಾರ್ಚು ಹಾಕಿದ.

ಇನ್‌ಸ್ಪೆಕ್ಟರನ ಮುಖ ಗುರುತು ಸಿಗದಷ್ಟು ಊದಿಕೊಂಡಿತ್ತು. ಆದರೆ ಅವನು ಟಾರ್ಚಿನ ಕಡೆ ನೋಡುತ್ತಿರಲಿಲ್ಲ. ಕಂಟ್ರಾಕ್ಟರನ ಕಿವಿಯ ಪಕ್ಕದಲ್ಲಿ ಎಲ್ಲೋ ಕಣ್ಣು ನೆಟ್ಟಿದ್ದ. ಅಳು ನಿಂತುಹೋಗಿತ್ತು.

"ಏನು ನೋಡ್ತಿದೀಯ?"

ಇನ್‌ಸ್ಪೆಕ್ಟರ್ ಸರಿಯಿದ್ದ ಕೈಯನ್ನು ನಿಧಾನವಾಗಿ ಎತ್ತಿ ತೋರಿಸಿದ. ಕಂಟ್ರಾಕ್ಟರ್ ಟಾರ್ಚನ್ನು ಅತ್ತ ತಿರುಗಿಸಿದ.

ತನ್ನ ಹೊಸ ವ್ಯಾನಿನ ಗಾಲಿಯ ಒಳಮೈಯಲ್ಲಿ, ಅಂಗೈ ಉದ್ದದ ಹಳದಿ ಗೆರೆ ಇತ್ತು.