ಮುಂದಿನ ಬ್ರೇಕು

"ಅಣ್ಣಾ, ಸ್ವಲ್ಪ ಇಲ್ಲಿ ಬನ್ನಿ. ಇಷ್ಟು ಹಳೇ ಗಾಡೀಲಿ ಚೂರೂ ಸವೆಯದ ಬ್ರೇಕ್ ಶೂ ನಾನು ನೋಡೇ ಇಲ್ಲ," ಎಂದು ಮೆಕ್ಯಾನಿಕ್ ಕರೆದ.

ಟೈಲರ್ ಸ್ಟೂಲಿನಿಂದ ಎದ್ದು ಹೋದ. ಅವನ ಹಳೆಯ ಮೋಟಾರ್ ಸೈಕಲ್ಲಿನ ಮುಂಭಾಗವೆಲ್ಲ ಬಿಚ್ಚಿ ಗೋಣಿಯ ಮೇಲೆ ಬಿದ್ದಿತ್ತು. ಹೆಡ್‌ಲೈಟು, ಚಕ್ರ, ಚಕ್ರವನ್ನು ಹಿಡಿದಿಡುವ ಬಾಗಿದ ಫೋರ್ಕು. ಇಪ್ಪತ್ತೆರಡು ವರ್ಷದ ಹಿಂದೆ ತಿರುವಿನಲ್ಲಿ ನಿಂತಿದ್ದ ಲಾರಿಗೆ ಗುದ್ದಿ ಬಾಗಿದ ಫೋರ್ಕು ಅದು. ಹಿಂದೆ ಕೂತಿದ್ದ ಹೆಂಡತಿ ಅಲ್ಲೇ ಹೋದಳು. ಇವನಿಗೆ ಮೊಣಕೈ ತರಚಿತ್ತು, ಅಷ್ಟೇ. ಅಂದಿನಿಂದ ಗಾಡಿ ಮೂಲೆ ಸೇರಿತ್ತು. ಕೇಳಿದವರಿಗೆಲ್ಲ ಇವನದು ಒಂದೇ ಉತ್ತರ: ಹಾಳು ಬ್ರೇಕು ಕೈಕೊಟ್ಟಿತು. ಹೇಳಿ ಹೇಳಿ ತಾನೂ ನಂಬಿದ್ದ. ಈಗ ಮಗಳು, ಅಮ್ಮ ಕೂರುತ್ತಿದ್ದ ಗಾಡಿಯನ್ನು ತಾನೇ ಓಡಿಸುತ್ತೇನೆಂದು ಹಟ ಹಿಡಿದಿದ್ದಳು. ಹೊಸ ಗಾಡಿಗಳ ಫೋರ್ಕು, ಡಿಸ್ಕ್ ಬ್ರೇಕು ಹಾಕಿಸಿದ ಮೇಲೇ ಹತ್ತಬೇಕು ಎಂದು ಇವನು ಷರತ್ತು ಹಾಕಿದ್ದ.

"ಲೈನಿಂಗ್ ಮೇಲಿನ ಕಂಪನಿ ಅಚ್ಚು ಕೂಡ ಅಳಿಸಿಲ್ಲ ನೋಡಿ," ಎಂದ ಮೆಕ್ಯಾನಿಕ್. "ಹಾಕಿಸಿದ್ದು ಯಾವಾಗ?"

"ಆ ಆಕ್ಸಿಡೆಂಟ್ ಆಗೋಕೆ ಒಂದು ವರ್ಷ ಮುಂಚೆ. ದಿನಾ ಓಡಿಸ್ತಿದ್ದೆ."

"ಓಡಿಸಿದೀರಿ, ಸರಿ. ಆದ್ರೆ ಮುಂದಿನ ಬ್ರೇಕ್ ಒಂದು ದಿನಾನೂ ಒತ್ತಿಲ್ಲ. ವರ್ಷವೆಲ್ಲಾ ಆ ಕೈ ಏನು ಮಾಡ್ತಿತ್ತು ಅಣ್ಣಾ?" ಮೆಕ್ಯಾನಿಕ್ ನಗುತ್ತಲೇ ಶೂಗಳನ್ನು ಡ್ರಮ್ಮಿನೊಳಗೆ ಕೂರಿಸಿ, ಚಕ್ರ ತಿರುಗಿಸಿ, ಕೇಬಲ್ ಎಳೆದ. ಚಕ್ರ ಗಕ್ಕನೆ ನಿಂತಿತು. "ನೋಡಿದ್ರಾ? ಬಂಗಾರದಂಥ ಬ್ರೇಕು. ಫೋರ್ಕ್ ಬದಲಾಯಿಸೋಣ, ಇದು ಇರಲಿ ಬಿಡಿ."

ಟೈಲರ್ ಆ ನಿಂತ ಚಕ್ರವನ್ನೇ ನೋಡಿದ. ಗಾಡಿ ಕಲಿಸಿದ ಸೋದರಮಾವ ಮೊದಲ ದಿನವೇ ಹೇಳಿಕೊಟ್ಟಿದ್ದ ಪಾಠ ಅದು: ಮುಂದಿನದನ್ನು ಮುಟ್ಟಬೇಡ, ಮಗುಚಿ ಬೀಳುತ್ತೀಯ. ಇವನಿಗೂ ಅದು ಸಲೀಸಾಗಿತ್ತು. ಬೆಳಗಿನಿಂದ ಸಂಜೆವರೆಗೆ ಹೊಲಿಗೆ ಮಷಿನ್ ತುಳಿಯುವವನಿಗೆ ಎಲ್ಲಕ್ಕೂ ಮೊದಲು ಕಾಲೇ ಓಡುತ್ತಿತ್ತು. ಅವತ್ತೂ ಕಾಲಿನ ಬ್ರೇಕನ್ನು ಅಂಗಾಲು ಕಂದುವಷ್ಟು ತುಳಿದಿದ್ದ. ಕೈ ಸುಮ್ಮನೆ ಹ್ಯಾಂಡಲ್ ಹಿಡಿದುಕೊಂಡಿತ್ತು. ಅದನ್ನು ಪೊಲೀಸರೂ ಕೇಳಿರಲಿಲ್ಲ, ಅತ್ತೆ ಮಾವನೂ ಕೇಳಿರಲಿಲ್ಲ. ಇವನೂ ತನ್ನನ್ನು ಕೇಳಿಕೊಂಡಿರಲಿಲ್ಲ.

"ಹೊಸದೇ ಹಾಕಿ," ಎಂದ ಕೊನೆಗೆ. "ಇದು ಮಾತ್ರ ಮಗಳ ಕಣ್ಣಿಗೆ ಬೀಳೋದು ಬೇಡ."

ಮೆಕ್ಯಾನಿಕ್‌ಗೆ ಆಗ ವಿಷಯ ಹೊಳೆಯಿತು. ನಾಲಿಗೆ ಕಚ್ಚಿಕೊಂಡು ಶೂಗಳನ್ನು ಹಳೇ ಪೇಪರಿನಲ್ಲಿ ಸುತ್ತಿಟ್ಟ.

ಎಂಟು ದಿನಕ್ಕೆ ಗಾಡಿ ಎದ್ದು ನಿಂತಿತು. ಹಿಂದೆ ಅದೇ ಹಳೆಯ ದುಂಡು ಟ್ಯಾಂಕು, ಸವೆದ ಸೀಟು. ಮುಂದೆ ದಪ್ಪನೆಯ ಹೊಸ ಫೋರ್ಕು, ಫಳಫಳ ಹೊಳೆಯುವ ಡಿಸ್ಕು. ತಾತನಿಗೆ ಮೊಮ್ಮಗನ ಬೂಟು ತೊಡಿಸಿದ ಹಾಗಿತ್ತು. ಹಾಗಂತ ಹೇಳಿ ಮೆಕ್ಯಾನಿಕ್ಕೇ ನಕ್ಕ. ಟೈಲರ್ ನಗಲಿಲ್ಲ. ಈ ಎಂಟು ದಿನದಲ್ಲಿ ಮಗಳಿಗೆ ಹೇಳಿಬಿಡಬೇಕೆಂದು ಹತ್ತು ಸಲ ಬಾಯಿ ತೆರೆದಿದ್ದ. ಹತ್ತು ಸಲವೂ ಸಾರಿಗೆ ಉಪ್ಪು ಕಡಿಮೆ, ನಲ್ಲಿ ಸೋರುತ್ತಿದೆ ಎಂದು ಬೇರೆ ಏನೋ ಹೇಳಿ ಮುಚ್ಚಿದ್ದ.

ಮಗಳು ಮಧ್ಯಾಹ್ನ ಕೆಲಸದಿಂದ ನೇರ ಮೆಕ್ಯಾನಿಕ್ ಶೆಡ್ಡಿಗೆ ಬಂದಳು. ಟ್ಯಾಂಕನ್ನು ಒಮ್ಮೆ ಸವರಿ, ಹತ್ತಿ, ಒಂದೇ ಒದೆತಕ್ಕೆ ಸ್ಟಾರ್ಟ್ ಮಾಡಿದಳು. ಬೀದಿಯ ಕೊನೆಯವರೆಗೆ ಹೋಗಿ ತಿರುಗಿದವಳು ಬರುವಾಗ ಸ್ವಲ್ಪ ಜೋರಾಗಿಯೇ ಬಂದಳು. ಅಷ್ಟರಲ್ಲಿ ಪಕ್ಕದ ಗೋಡೌನಿನಿಂದ ಒಂದು ವ್ಯಾನು ರಿವರ್ಸಿನಲ್ಲಿ ಬಂದು ರಸ್ತೆಗೆ ಅಡ್ಡವಾಯಿತು. ಹಿಂದಿನ ಚಕ್ರ ಕಿರುಚಿಕೊಂಡು, ಗಾಡಿ ಓರೆಯಾಗಿ ಜಾರಿ, ವ್ಯಾನಿಗೆ ಒಂದು ಗೇಣು ದೂರದಲ್ಲಿ ನಿಂತಿತು.

ಇಬ್ಬರೂ ಓಡಿದರು.

"ಏನಮ್ಮಾ ಇದು, ಅಷ್ಟು ಒದ್ದಾಡಿ ಡಿಸ್ಕ್ ಕೂರಿಸಿದೀನಿ," ಎಂದ ಮೆಕ್ಯಾನಿಕ್ ಏದುಸಿರು ಬಿಡುತ್ತ. "ಮುಂದಿನ ಬ್ರೇಕ್ ಯಾಕೆ ಒತ್ತಲಿಲ್ಲ?"

"ಅದನ್ನ ಮುಟ್ಟಬಾರದಲ್ವಾ? ಮಗುಚಿ ಬೀಳ್ತೀವಂತೆ. ಸ್ಕೂಟರ್ ಕಲಿಸೋವಾಗ ಅಪ್ಪನೇ ಹೇಳಿಕೊಟ್ಟಿದ್ದು."

"ಮುಟ್ಟಬಾರದು ಅಂದ್ರೆ ಹಾಕಿಸಿದ್ದು ಯಾತಕ್ಕೆ?"

"ಅಪ್ಪನ್ನೇ ಕೇಳಿ," ಎಂದು ಮಗಳು ನಕ್ಕಳು.

ಮೆಕ್ಯಾನಿಕ್ ಟೈಲರನ ಮುಖವನ್ನೊಮ್ಮೆ ನೋಡಿ, ವ್ಯಾನಿನವನನ್ನು ಬೈಯುವ ನೆಪದಲ್ಲಿ ಆಚೆ ಹೋದ.

"ಆ ಮಾತು ತಪ್ಪು ಮಗಳೇ," ಎಂದ ಟೈಲರ್. "ಎರಡನ್ನೂ ಒಟ್ಟಿಗೆ ಒತ್ತಬೇಕು. ಅವತ್ತು ನಾನು ಮುಂದಿನದನ್ನ ಮುಟ್ಟಲೇ ಇಲ್ಲ. ಬ್ರೇಕು ಸರಿಯಾಗೇ ಇತ್ತು. ನಾನೇ ನಿಲ್ಲಿಸಲಿಲ್ಲ. ನಿಮ್ಮಮ್ಮನ್ನ..."

ಮಗಳು ಇಂಜಿನ್ ಆರಿಸಿದಳು. ಅಪ್ಪನ ಕಣ್ಣಿನಲ್ಲಿ ನೀರು ತುಂಬಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ಗಾಡಿಯಿಂದ ಇಳಿದು ಅವನ ತೋಳು ಹಿಡಿದುಕೊಂಡಳು.

"ಇದು ಯಾವಾಗ ಗೊತ್ತಾಯ್ತು ನಿಂಗೆ?"

"ಎಂಟು ದಿನ ಆಯ್ತು."

ತೋಳಿನ ಮೇಲಿದ್ದ ಕೈ ನಿಧಾನವಾಗಿ ಸಡಿಲಾಯಿತು. ಅವಳು ವ್ಯಾನಿಗೂ ಗಾಡಿಗೂ ನಡುವಿನ ಆ ಗೇಣು ಜಾಗವನ್ನು ನೋಡಿದಳು.

"ಅಮ್ಮನ ವಿಷಯ ಬಿಡಪ್ಪಾ, ಅವತ್ತು ನಿಂಗೆ ಗೊತ್ತಿರಲಿಲ್ಲ," ಎಂದಳು. "ಇವತ್ತು ಗೊತ್ತಿತ್ತಲ್ಲ?"