ಯಾರದ್ದೋ ಬೀಗ

"ಬನ್ನಿ ಸಾರ್, ನಿಮ್ಮ ಹೊರಗಿನವರ ಘನಂದಾರಿ ಕೆಲಸ ಕಣ್ಣಾರೆ ನೋಡಿ!"

ಕಾರ್ಖಾನೆಯ ಕರೆಂಟು ವಿಭಾಗದ ಫೋರ್‌ಮನ್ನನ ದನಿಯಲ್ಲಿ ಕೋಪಕ್ಕಿಂತ ಸಂಭ್ರಮವೇ ಹೆಚ್ಚಿತ್ತು. ಊಟದ ಬಿಡುವು ಮುಗಿದರೂ ನೂಲಿನ ಯಂತ್ರಗಳು ಸುಮ್ಮನೆ ನಿಂತಿದ್ದವು. ಅವುಗಳ ಸ್ವಿಚ್ಚಿನ ಹಿಡಿಗೆ ಬೀಗವೊಂದು ನೇತಾಡುತ್ತಿತ್ತು.

ಆ ಕಾರ್ಖಾನೆಯ ಪದ್ಧತಿ ಅದು. ತಂತಿ ಮುಟ್ಟುವವನು ಸ್ವಿಚ್ ಆರಿಸಿ ತನ್ನ ಬೀಗ ಜಡಿಯಬೇಕು, ಕೆಲಸ ಮುಗಿದ ಮೇಲೆ ತಾನೇ ತೆಗೆಯಬೇಕು. ನಡುವೆ ಬೇರೆ ಯಾರಾದರೂ ಕರೆಂಟು ಬಿಟ್ಟರೆ ಜೀವವೇ ಹೋದೀತು. ಬೀಗಗಳೆಲ್ಲ ಕಾರ್ಖಾನೆ ಕೊಟ್ಟವು, ನೋಡಲು ಒಂದೇ ಥರ; ಕೀಲಿ ಮಾತ್ರ ಒಂದೊಂದಕ್ಕೂ ಬೇರೆ.

ಕರೆಂಟಿನ ಕೆಲಸವನ್ನೆಲ್ಲ ಹೊರಗಿನ ಗುತ್ತಿಗೆಯವರಿಗೆ ಒಪ್ಪಿಸಿ ಒಳಗಿನವರನ್ನು ಮನೆಗೆ ಕಳಿಸುವುದೋ ಬೇಡವೋ ಎಂದು ಮ್ಯಾನೇಜರ್ ಅವತ್ತು ತೀರ್ಮಾನಿಸುವವರಿದ್ದರು. ಅದಕ್ಕೇ ಎರಡೂ ಕಡೆಯವರನ್ನು ಅಕ್ಕಪಕ್ಕ ದುಡಿಸಿ ನೋಡುತ್ತಿದ್ದರು.

"ಊಟಕ್ಕೆ ಮುಂಚೆ ನಾನೇ ಈ ಯಂತ್ರಗಳ ತಂತಿ ಪೆಟ್ಟಿಗೆ ಒಳಗೆಲ್ಲ ಧೂಳು ಕೊಡವಿ ಫಳಫಳ ಅನ್ನಿಸಿದ್ದೆ ಸಾರ್. ಉಂಡು ಬರೋದ್ರೊಳಗೆ ಇವರು ಕೈಯಾಡಿಸಿ, ಬೀಗ ಮರೆತು ಹೋಗಿದ್ದಾರೆ. ಇವರಿಗೆ ತಲೆ ಇರೋದು ಟೋಪಿ ಇಡೋಕೆ!"

ಅವನ ಬಾಮೈದ ಕಿಸಕ್ಕೆಂದ. ಅವನೂ ಅದೇ ವಿಭಾಗದವನು. ಭಾವ ನಕ್ಕಾಗ ನಗುವುದೇ ಅವನ ದೊಡ್ಡ ಕೆಲಸ.

ಗುತ್ತಿಗೆಯವರ ಮುಂದಾಳು ಒಬ್ಬ ಹೆಂಗಸು. ಎಲ್ಲರಿಗೂ ಅಕ್ಕ. "ನಮ್ಮ ಬೀಗ ನಮ್ಮ ಹತ್ರಾನೇ ಇವೆ ಸಾರ್," ಎಂದಳು. ಅವಳ ಕಡೆಯವನೊಬ್ಬ ಗಾಬರಿಯಲ್ಲಿ ಜೇಬು ತಡಕಾಡಿದ.

"ನೋಡಿದ್ರಾ ಅವನ ಮುಖ? ಕೀಲಿ ಚರಂಡಿಗೆ ಎಸೆದಿರ್ತಾನೆ."

ತಂತಿ ಮುಟ್ಟಿ ಕೆಲಸ ಮಾಡುತ್ತಿರುವವರು ಯಾರೂ ಇಲ್ಲವೆಂದು ಮ್ಯಾನೇಜರ್ ಸುತ್ತಾಡಿ ನೋಡಿ ಬಂದರು. ಬಾಮೈದ ಗರಗಸ ಆಡಿಸಿದ. ಕೊಂಡಿ ತುಂಡಾಯಿತು. ಯಂತ್ರಗಳು ಗುಂಯ್ಯೆಂದವು.

"ಬೀಗ ಮರೆಯೋನು ಈ ಗೇಟೊಳಗೆ ಇರಬಾರದು ಸಾರ್. ಯಾರೇ ಆಗ್ಲಿ," ಎಂದ ಫೋರ್‌ಮನ್.

"ಆಯ್ತಪ್ಪ. ಯಾರೇ ಆಗ್ಲಿ," ಎಂದರು ಮ್ಯಾನೇಜರ್.

ಅಕ್ಕ ತುಂಡು ಬೀಗ ಎತ್ತಿಕೊಂಡು ತನ್ನವರ ಕೀಲಿಗಳನ್ನೆಲ್ಲ ಹಾಕಿ ನೋಡಿದಳು. ಒಂದೂ ತಿರುಗಲಿಲ್ಲ. "ನಿಮ್ಮವೂ ಕೊಡಿ ಅಣ್ಣ."

"ಓಹೋ, ಈಗ ನಾವು ಕಳ್ಳರಾ? ತಗೊಳ್ಳಮ್ಮ, ಕಣ್ತುಂಬ ನೋಡ್ಕೊ. ನಂದ್ರಿಂದಾನೇ ಶುರು ಮಾಡು!" ಫೋರ್‌ಮನ್ ಸೊಂಟದಿಂದ ಕೀಲಿಗೊಂಚಲು ಬಿಚ್ಚಿ ಅವಳ ಮುಂದೆ ಬಿಸಾಡಿದ. ನಗಲಿಕ್ಕೆಂದು ಬಾಮೈದ ಆಗಲೇ ಬಾಯಿ ತೆರೆದಿದ್ದ.

ಮನೆ ಬಾಗಿಲಿನ ಕೀಲಿ ಒಳಗೇ ಹೋಗಲಿಲ್ಲ. ಬೀರುವಿನದೂ ಹೋಗಲಿಲ್ಲ.

ಅದರ ಪಕ್ಕದ ಸಣ್ಣದು ಸಲೀಸಾಗಿ ಇಳಿದು, ತಿರುಗಿ, ಬೀಗ ಬಿಚ್ಚಿತು.